ದೋಣಿಯ ಮೇಲಿನ ಮನೆ

ಇದನ್ನು ಬರೆಯುತ್ತೇನೆಂದುಕೊಂಡೇ ವರ್ಷಗಳನ್ನು ತಳ್ಳಿದೆ. ಇನ್ನು ತಳ್ಳಲು ವಯಸ್ಸಿಲ್ಲ.

ಲಿಂಗಸುಗೂರಿನ ನಮ್ಮವರು ನಂಬಲಿಕ್ಕಿಲ್ಲ. ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿಗೆ ಬಂದ ಮೊದಲ ದಿನ ನನ್ನ ಬೂಟಿನ ತುಂಬ ರಕ್ತ, ನೋವೇ ಇಲ್ಲ. ಜಿಗಣೆ ಕುಡಿದು ಉದುರಿತ್ತು. ಹಾಜರಿ ಬರೆಯುವವನನ್ನು ಇಲ್ಲಿ ರೈಟರ್ ಎನ್ನುತ್ತಾರೆ. "ಏನ್ ರೈಟರೇ, ನಿಮ್ಮೂರಲ್ಲಿ ಇದಿಲ್ವಾ?" ಎಂದು ಆಳುಗಳೆಲ್ಲ ನಕ್ಕರು. ನಮ್ಮ ನೆಲ ನೀರು ಕೇಳುತ್ತದೆ, ಇಲ್ಲಿಯದು ರಕ್ತ ಕೇಳುತ್ತದೆ ಎಂದು ಮನೆಗೆ ಕಾಗದ ಹಾಕಿದೆ.

ವಯಸ್ಸಾದ ಮೇಲೆ, ಕಾಫಿ ಪಿಕಿಂಗಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ಮಾಲೀಕರು ನನ್ನನ್ನು ಕೂರಿಸಿದರು. ಎಸ್ಸೆಸ್ಸೆಲ್ಸಿ ಓದಿದ್ದೆನಲ್ಲ! ಗೋಡೆಗೆ ಭೂಪಟ ತೂಗುಹಾಕಿ ಮರುಭೂಮಿಯವರು, ಹಿಮದ ನಾಡಿನವರು ಹೇಗೆ ಬದುಕುತ್ತಾರೆಂದು ಹೇಳಿದೆ. ಬೇರೆ ಥರದವರನ್ನು ಕಂಡು ನಗಬಾರದು ಎಂದೂ ಹೇಳಿದೆ. ಆಮೇಲೆ, ನಿಮ್ಮ ನಿಮ್ಮ ಊರಿನ ಮನೆಯ ಚಿತ್ರ ಬರೆಯಿರಿ ಎಂದೆ.

ಅಸ್ಸಾಮಿನಿಂದ ಬಂದ ಏಳು ವರ್ಷದ ಹುಡುಗಿ ದೋಣಿಯ ಮೇಲೆ ಮನೆ ಬರೆದಳು.

"ಮನಿ ದೋಣ್ಯಾಗ ಯಾಕ ಕುಂತದವಾ?"

"ನಮ್ ಮನೆ ಹೋಗ್ತದೆ ಸಾರ್. ನದಿ ಬಂತು, ಮನೆ ಆಚೆ ಹೋಯ್ತು. ಮತ್ತೆ ಬಂತು, ಮತ್ತೆ ಹೋಯ್ತು."

"ಸಾರ್, ಇವ್ಳ ಮನೆಗೆ ಕಾಲಿದೆ!" ಮಕ್ಕಳು ಬಿದ್ದು ಬಿದ್ದು ನಕ್ಕರು.

"ಸುಳ್ಳು ಹೇಳಬ್ಯಾಡ. ಅಳಿಸು."

"ಸುಳ್ಳಲ್ಲ. ನಿಮ್ಗೆ ಗೊತ್ತಿಲ್ಲ ಸಾರ್."

ನಗು ನನ್ನ ಕಡೆ ತಿರುಗಿತು. ಜಿಗಣೆಯ ದಿನದ ಅದೇ ನಗು. ಕಾಫಿ ಗಿಡದ ಕೋಲಿನಿಂದ ಪೆನ್ಸಿಲ್ ಹಿಡಿದ ಕೈಗೇ ಬಾರಿಸಿದೆ. ಅವಳು ಅಳಿಸಲಿಲ್ಲ. ಮತ್ತೆ ಬಾರಿಸಿದೆ. ಮತ್ತೆ. ಬೆರಳೊಂದು ಸೊಟ್ಟಗೆ ತಿರುಗಿತು. ದೋಣಿಯ ಮೇಲೆ ರಕ್ತ ಬಿತ್ತು.

ಸಂಜೆ ಅವಳ ತಾಯಿ ಆ ಹಾಳೆ ಹಿಡಿದು ಬಂದಳು. "ನದಿ ದಡ ತಿಂತದೆ. ನಾವು ತಗಡು, ಬಿದಿರು ಎಲ್ಲ ಬಿಚ್ಚಿ ದೋಣೀಲಿ ಆಚೆ ತಗೊಂಡು ಹೋಗ್ತೀವಿ. ಅಲ್ಲಿ ಕಟ್ತೀವಿ. ಇವ್ಳು ಸರಿ ಬರ್ದಿದಾಳೆ ಸಾರ್."

ಅಷ್ಟೇ. ಬೈಯಲಿಲ್ಲ. ನಾನು, "ಮಕ್ಕಳಿಗೆ ಶಿಸ್ತು ಬೇಕಮ್ಮ" ಎಂದೆ. ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಪಿಕಿಂಗ್ ಮುಗಿಯುವ ಮೊದಲೇ ಅವರು ಹೊರಟುಹೋದರು. ಹುಡುಗಿಯ ಬೆರಳು ನೆಟ್ಟಗಾಗಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಗುಡ್ಡ ಕುಸಿಯಿತು. ಹೆಂಚು, ಬಾಗಿಲು ಸಮೇತ ಒಂದು ಮನೆ ಕಾಫಿ ಗಿಡಗಳನ್ನು ಮುರಿಯುತ್ತ ಕೆಳಗೆ ನಡೆದುಹೋದದ್ದನ್ನು ಕಣ್ಣಾರೆ ಕಂಡೆ. ಅದು ನಾನು ಕಟ್ಟಿಸಿದ ಮನೆ. ಮೇಜಿನಿಂದ ತಂದಿಟ್ಟಿದ್ದ ಆ ಹಾಳೆಯೂ ಒಳಗಿತ್ತು.

ಲಿಂಗಸುಗೂರಿಗೆ ಹೋಗಿ ಮೂರು ತಿಂಗಳಿದ್ದೆ. ಆ ಒಣ ನೆಲದಲ್ಲಿ ಹೊರಗಿನವನಾಗಿದ್ದೆ. ವಾಪಸು ಬಂದೆ; ಇಲ್ಲಿ ಗುಡ್ಡದ ಕಡೆ ನೋಡಲಾರೆ. ಈಗ ಯಾರಾದರೂ ನಿನ್ನ ಮನೆಯ ಚಿತ್ರ ಬರೆ ಎಂದರೆ ನಾನೂ ಅದರಡಿ ಒಂದು ದೋಣಿ ಬರೆಯಬೇಕು.

ಆ ಹುಡುಗಿಯ ಊರನ್ನು ಭೂಪಟದಲ್ಲಿ ತೋರಿಸಲು ನನಗೆ ಬರುವುದಿಲ್ಲ. ಯಾವ ಊರೆಂದು ನಾನು ಕೇಳಿಯೇ ಇರಲಿಲ್ಲ. ಅವಳ ಹೆಸರು ಮಾತ್ರ ಗೊತ್ತು.

ಮೊರ್ಜಿನಾ.