ಓದಿಸದೆ ಹಾಕಿದ ಸಹಿ

ನನ್ನ ಮಗಳು ಎರಡನೇ ಕ್ಲಾಸಿಗೆ ಬಂದರೂ ಓದಲು ಬಾರದೆ ಉಳಿದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವಷ್ಟು ಓದು ನನಗಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು.

ನಾವು ಗೋವಾದ ಸಾಂಕೋಲೆಯಲ್ಲಿದ್ದೇವೆ. ಮಗಳು ಹೋಗುವುದು ಇಲ್ಲಿನ ಕನ್ನಡ ಶಾಲೆಗೆ. ನನ್ನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬ್ ಹಾಕುವ ಮೊದಲು ಹಲಗೆ ಹೊಡೆಯುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಹೆಂಡತಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಅವಳು ಶಾಲೆಗೆ ಹೋದವಳೇ ಅಲ್ಲ. ಹಾಗಾಗಿ ಶಾಲೆಯ ಕಾಗದವೆಲ್ಲ ನನ್ನ ಪಾಲಿಗೆ.

ಜೂನ್‌ನಲ್ಲಿ ಮಗಳು ಒಂದು ಕಾರ್ಡ್ ತಂದಳು. ದಿನಕ್ಕೊಂದು ಚೌಕ. ಮನೆಯವರು ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು ಓದಿಸಬೇಕು, ಓದಿಸಿದ ಮೇಲೆ ಸಹಿ ಹಾಕಬೇಕು. ಎರಡು ದಿನ ಓದಿಸಿದೆ. ಮೂರನೇ ದಿನ ಸ್ಲ್ಯಾಬ್ ಇತ್ತು. ಮನೆಗೆ ಬಂದು ಗೋಡೆಗೆ ಒರಗಿದವನು ಊಟಕ್ಕೂ ಏಳಲಿಲ್ಲ.

ಭಾನುವಾರ ಇಡೀ ವಾರದ ಸಹಿ ಒಟ್ಟಿಗೆ ಹಾಕಿದೆ. ಆಮೇಲೆ ಪ್ರತಿ ಭಾನುವಾರವೂ ಹಾಗೇ. ತಪ್ಪು ಅನ್ನಿಸಲೇ ಇಲ್ಲ. ಸೈಟಿನಲ್ಲಿ ದಿನಾ ಬೆಳಿಗ್ಗೆ ಸೇಫ್ಟಿ ಪಾಠ ಹೇಳಬೇಕು. ಯಾರೂ ಹೇಳುವುದಿಲ್ಲ. ಶನಿವಾರ ಸೂಪರ್‌ವೈಸರ್ ಆರು ದಿನದ ಹಾಳೆ ತರುತ್ತಾನೆ, ಸಾಲಾಗಿ ನಿಂತು ಸಹಿ ಹಾಕುತ್ತೇವೆ. ಹಾಳೆ ತುಂಬಿದರೆ ಕೆಲಸ ಆಯಿತು. ಹತ್ತು ವರ್ಷದಿಂದ ನಾನು ಕಂಡದ್ದು ಇದೇ.

ಚೌತಿ ರಜೆ ಮುಗಿದ ಮೇಲೆ ಅಕ್ಕೋರು ಕರೆಸಿದರು. ಮಗಳ ಕ್ಲಾಸಿನ ಟೀಚರನ್ನು ನಾವು ಹಾಗೇ ಕರೆಯುವುದು. ಊಟದ ಹೊತ್ತಿಗೆ ಸೈಟಿನಿಂದ ಹೋದೆ. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ, ಮಕ್ಕಳು ಮನೆಗೆ ಹೋಗಿದ್ದರು. ಒಳಗೆ ಅಕ್ಕೋರು ನಾಲ್ಕನೇ ಕ್ಲಾಸಿನ ಮಾಸ್ತರ ಜೊತೆ ಮಾತಾಡುತ್ತಿದ್ದರು. ನಾನು ಹೊರಗೆ ನಿಂತೆ. ಮಾತು ನನ್ನ ಮಗಳ ಬಗ್ಗೆಯೇ.

"ಚಿತ್ರ ಕಂಡ್ರ ಓದ್ತಾಳ್ರಿ ಸರ್. ಚಿತ್ರದ ಮ್ಯಾಲೆ ಕೈ ಇಟ್ರ ಸುಮ್ನಾಗ್ತಾಳ. ಎಲ್ಲಾ ಬಾಯಿಪಾಠ."

"ಕೆಳಗಿನ ಸಾಲಿಂದ ಓದಸಿ ನೋಡೀರೇನು?"

"ನೋಡೀನ್ರಿ. ಒಂದ್ ಶಬ್ದಾನೂ ಬರೂದಿಲ್ಲ."

"ಹಂಗಿದ್ರ ಮುಂಜಾನೆ ಗುಂಪಿನಿಂದ ಯಾಕ ತಗದ್ರಿ?"

ಅಕ್ಷರ ಹತ್ತದ ಎಂಟು ಮಕ್ಕಳಿಗೆ ಅಕ್ಕೋರು ಶಾಲೆ ಶುರುವಾಗುವ ಮೊದಲು ಅರ್ಧ ತಾಸು ಓದಿಸುತ್ತಾರೆ. ಅದೇ ಮುಂಜಾನೆ ಗುಂಪು. ಮಗಳು ಅದರಲ್ಲಿದ್ದಳು. ಜುಲೈನಲ್ಲಿ ಬಿಡಿಸಿದ್ದರು. ಮಗಳು ಮುಂದೆ ಬಂದಳೆಂದು ನಾನು ಖುಷಿಪಟ್ಟಿದ್ದೆ.

"ಕಾರ್ಡ್ ನೋಡಿ ತಗದೆ. ಒಂದ್ ದಿನಾನೂ ಬಿಟ್ಟಿಲ್ರಿ ಅವರಪ್ಪ. ಮನ್ಯಾಗ ಓದಸವ್ರು ಇಲ್ಲದ ಕೂಸಿಗೆ ಆ ಜಾಗಾ ಸಿಗಲಿ ಅಂತ." ಅವರೇ ಮತ್ತೆ ಅಂದರು, "ನನ್ನ ಕಲಸೂದ್ರಾಗ ಏನೋ ತಪ್ಪೈತ್ರಿ ಸರ್. ಶಬ್ದದ ಚೀಟಿ ಮಾಡಿದೆ, ಶ್ಯಾಣ್ಯಾ ಹುಡಿಗಿ ಜೋಡಿ ಕುಂದರಿಸಿದೆ. ನೀವು ಹೆಂಗ ಮಾಡ್ತೀರಿ, ನಂಗ ಒಂದೀಟು ತೋರಸ್ರಿ."

ಅಲ್ಲಿಂದ ವಾಪಸ್ ಹೋಗಬಹುದಿತ್ತು. ಹೋದರೆ ಮಗಳು ಹಾಗೇ ಉಳಿಯುತ್ತಿದ್ದಳು. ಒಳಗೆ ಹೋದೆ.

"ಸಹಿ ಸುಳ್ಳ್ರಿ ಅಕ್ಕೋರ."

"ಎಷ್ಟ್ ದಿನದ್ದು?" ಮಾಸ್ತರು ಕೇಳಿದರು.

"ಮೊದಲಿನ ಎರಡ್ ದಿನ ಬಿಟ್ರ ಎಲ್ಲಾ."

ಮಾಸ್ತರು ನಕ್ಕುಬಿಟ್ಟರು. "ಭಾರೀ ಮನಷ್ಯಾ ಇದ್ದಿ ಬಿಡಪಾ! ನಾವಿಲ್ಲಿ ಔಷಧ ಬದಲಿ ಮಾಡಾಕತ್ತೇವಿ, ರೋಗಿಗೆ ಔಷಧಾನ ಮುಟ್ಟಿಲ್ಲ!"

ಅಕ್ಕೋರು ನಗಲಿಲ್ಲ. "ಆ ಜಾಗಾಕ್ಕ ಬ್ಯಾರೆ ಕೂಸು ಬಂದೈತ್ರಿ. ಅದನ್ನ ಎಬ್ಬಸಾಕ ಆಗೂದಿಲ್ಲ."

ನಾನು ನಿಂತೇ ಇದ್ದೆ. ಬಟ್ಟೆಯ ತುಂಬ ಸಿಮೆಂಟು. ಬೆಂಚಿನ ಮೇಲೆ ಕೂರಲು ಮನಸ್ಸಾಗಲಿಲ್ಲ.

"ಒಂಬತ್ತನೇದಾಕಿ ಅಂತ ಕುಂದರಸ್ಕೋತೇನಿ," ಅಕ್ಕೋರು ಕೊನೆಗೆ ಅಂದರು. "ಆದ್ರ ನನ್ನ ಅರ್ಧಾ ತಾಸು ಸಾಲೂದಿಲ್ಲ. ಮನ್ಯಾಗ ಖರೇ ಹತ್ತ್ ನಿಮಿಷ ಬೇಕು. ಇಲ್ಲಂದ್ರ ಮೂರನೇ ಕ್ಲಾಸಿನಾಗ ಈಕಿಗೆ ಭಾಳ ತ್ರಾಸ ಆಕ್ಕೈತಿ."

"ಸಂಜೀಕ ಆಗೂದಿಲ್ರಿ ಅಕ್ಕೋರ. ಕುಂತ್ರ ನಿದ್ದಿ ಬರ್ತೈತಿ." ಮತ್ತೆ ಸುಳ್ಳು ಹೇಳುವುದು ಬೇಡವಾಗಿತ್ತು.

ಮಾಸ್ತರು ಕೇಳಿದರು, "ಮುಂಜಾನೆ ನೀರಿಗೆ ಯಾರ್ ನಿಂದರ್ತಾರ?"

"ನಾನ ರೀ."

"ಪಾಳಿ ಬರಾಕ ಎಷ್ಟೊತ್ತು?"

"ಅರ್ಧಾ ತಾಸು."

"ಮತ್ತ? ಕೂಸಿನ್ನ ಕರಕೊಂಡ್, ಪುಸ್ತಕಾ ತಗೊಂಡ್ ಹೋಗು. ನನ್ನ ಕ್ಲಾಸಿನಾಗ ಒಬ್ಬಾಕಿ ಹುಡಿಗಿ ಅದಾಳ. ಅವರವ್ವ ರೊಟ್ಟಿ ಬಡಿಯೂತನಕ ಓದಸ್ತಾಳ. ಆ ತಾಯಿಗೆ ಅಕ್ಷರಾನ ಬರೂದಿಲ್ಲ. ಹಿಟ್ಟಿನ ಕೈ ಚಿತ್ರದ ಮ್ಯಾಲೆ ಇಟ್ಟು, ಈಗ ಹೇಳು ಅಂತಾಳ, ಅಷ್ಟ."

ಅಕ್ಕೋರು ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು.

ಮರುದಿನ ಐದೂವರೆಗೆ ಮಗಳನ್ನು ಎಬ್ಬಿಸಿದೆ. ಅವಳಿಗೂ ನಿದ್ದೆ, ನನಗೂ ನಿದ್ದೆ. ನಳದ ಮುಂದೆ ಹತ್ತು ಜನ. ಪುಸ್ತಕ ತೆಗೆದ ಕೂಡಲೇ ಪಕ್ಕದ ಮನೆಯ ಅಕ್ಕ ಶುರು ಮಾಡಿದರು.

"ಏನೋ ತಮ್ಮಾ, ಸಾಲಿ ನಳಕ್ಕ ಬಂತೇನು? ಅಪ್ಪ ಪಾಸೋ, ಮಗಳು ಪಾಸೋ?"

"ಇಬ್ರೂ ನಪಾಸ್ರಿ ಅಕ್ಕಾ."

ಎಲ್ಲರೂ ನಕ್ಕರು. ಮಗಳು ಪುಸ್ತಕ ಮುಚ್ಚಿದಳು. "ನಂಗ ಬರೂದಿಲ್ಲ ಅಂತ ಎಲ್ಲಾರ್ಗೂ ಗೊತ್ತಾಕ್ಕೈತಿ ಪಪ್ಪಾ."

"ನಂದೂ ಗೊತ್ತಾಕ್ಕೈತಿ. ಓದವ್ವಾ."

ಓದಲಿಲ್ಲ. ಅತ್ತಳು. ಆ ದಿನದ ಚೌಕ ಖಾಲಿ ಬಿಟ್ಟೆ. ಆಮೇಲೂ ಎಷ್ಟೋ ಚೌಕ ಖಾಲಿ ಉಳಿದವು. ನೀರು ಬಾರದ ದಿನ, ಜ್ವರ ಬಂದ ದಿನ, ನನಗೇ ಸಾಕಾಗಿ ಪುಸ್ತಕ ಒಯ್ಯದ ದಿನ. ವಾರಕ್ಕೆ ಮೂರು ಸಹಿ ಬಿದ್ದರೆ ಹೆಚ್ಚು. ಖಾಲಿ ಚೌಕ ಕಂಡರೂ ಅಕ್ಕೋರು ಮಗಳನ್ನು ಗುಂಪಿನಲ್ಲೇ ಕೂರಿಸಿಕೊಂಡರು. ಮಗಳು ಈಗಲೂ ಆ ಒಂಬತ್ತರಲ್ಲಿ ಎಲ್ಲರಿಗಿಂತ ಹಿಂದೆ.

ಮೊನ್ನೆ ನನ್ನ ಕೈ ಚಿತ್ರದ ಮೇಲಿತ್ತು. ಪಾಠ ಹೊಸದು, ಕ್ಲಾಸಿನಲ್ಲಿ ಇನ್ನೂ ಆಗಿರಲಿಲ್ಲ. ಬಾಯಿಪಾಠಕ್ಕೆ ದಾರಿಯಿಲ್ಲ. 'ಅಜ್ಜಿ ಬುಟ್ಟಿ' ಎಂದು ಬೆರಳಿಟ್ಟು ತಾನೇ ಓದಿದಳು. ಮುಂದಿನ ಶಬ್ದಕ್ಕೆ ನಿಂತಳು. "ಹೊ... ತ್ತು..." ಅಷ್ಟರಲ್ಲಿ ನಮ್ಮ ಪಾಳಿ ಬಂತು. ಏಳು ಗಂಟೆಗೆ ಸೈಟಿನ ಗಾಡಿ ಹೊರಡುತ್ತದೆ.

"ಏ, ಕೊಡಾ ಇಡೋ, ನೀರ್ ಹರದ್ ಹೊಂಟೈತಿ!" ಹಿಂದಿನಿಂದ ಪಕ್ಕದ ಮನೆಯ ಅಕ್ಕ ಕೂಗಿದರು.

"ನೀವ್ ಹಿಡೀರಿ ಅಕ್ಕಾ," ಎಂದು ನಮ್ಮ ಕೊಡ ಸರಿಸಿದೆ. "ಇಕೀದು ಇನ್ನೂ ಒಂದ್ ಶಬ್ದ ಐತಿ."