ಮಿರ್ಸಿನಿಯ ಕಳೆತೋಟ

ಲೆಸ್ವೋಸ್ ದ್ವೀಪದ ನಮ್ಮ ಗುಡ್ಡದೂರಿನಲ್ಲಿ ಮಿರ್ಸಿನಿಯ ನಾಲಿಗೆಗೆ ಹೆದರದವರಿಲ್ಲ, ಪಾದ್ರಿಯೂ ಸೇರಿ. ಎಪ್ಪತ್ತು ದಾಟಿದ ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಆಲಿವ್ ತೋಟ ಮತ್ತು ಹಾಸಿಗೆ ಹಿಡಿದ ತಾಯಿ. ಕಾಯಿ ಕೊರೆಯುವ ನೊಣಕ್ಕೆ ಊರವರೆಲ್ಲ ವಿಷ ಹೊಡೆದರೆ, ಇವಳು ತೂತು ಮಾಡಿದ ಬಾಟಲಿಗಳಲ್ಲಿ ನೀರು, ಬೂತಾಯಿ ಮೀನಿನ ತಲೆ ಹಾಕಿ ಮರಮರಕ್ಕೂ ನೇತುಹಾಕುತ್ತಿದ್ದಳು. ವಾಸನೆಗೆ ಬಂದ ನೊಣ ಒಳಗೇ ಸಾಯುತ್ತಿತ್ತು. ಪಕ್ಕದ ತೋಟದವಳಾದ ನಾನು ಮೂಗು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದೆ.

ಊರಿಗೆ ನಾಚಿಕೆಯೆನಿಸುತ್ತಿದ್ದುದು ಮಾತ್ರ ಅವಳ ತೋಟದ ಹುಲ್ಲು. ನಮ್ಮಲ್ಲಿ ಮರದ ಬುಡ ಗುಡಿಸಿದ ಅಂಗಳದ ಹಾಗಿರಬೇಕು. ಹಸಿರು ಕಂಡರೆ ಆ ಮನೆಯವರು ಮೈಗಳ್ಳರು. ಮಿರ್ಸಿನಿಯೋ ಬೇಕೆಂದೇ ಅವರೆಯಂಥ ಕಾಳು ಬಿತ್ತಿ, ಹೂ ಬಿಟ್ಟಾಗ ಕೊಯ್ದು ಗೊಬ್ಬರವಾಗಲೆಂದು ಮಣ್ಣಿಗೇ ಹಾಕುತ್ತಿದ್ದಳು. ವಿಷ ಬೀಳದ ಮೂರನೆಯ ವರ್ಷ ಅದು. ಬೇಸಿಗೆಗೆ ಮುಂಚೆ ಪರೀಕ್ಷೆಯವರು ಬಂದು ಮಣ್ಣು ಒಯ್ಯುವವರಿದ್ದರು. ಶುದ್ಧವಿದ್ದರೆ ಅವಳ ಎಣ್ಣೆಗೆ ಸಾವಯವದ ಮುದ್ರೆ, ವಿಷ ಸಿಕ್ಕರೆ ಮೂರು ವರ್ಷವೂ ಮತ್ತೆ ಮೊದಲಿನಿಂದ. ಆ ವಯಸ್ಸಿನಲ್ಲಿ ಮೊದಲಿನಿಂದ ಅಂದರೆ ಮುಗಿದ ಹಾಗೆಯೇ.

ಅಷ್ಟರಲ್ಲಿ ತಾಯಿ ತೀರಿಕೊಂಡಳು. ಮಿರ್ಸಿನಿ ಕಾಲು ಉಳುಕಿ ಮನೆ ಹಿಡಿದಳು. ತೋಟ ತಾನು ನೋಡಿಕೊಳ್ಳುವೆನೆಂದ ಅವಳ ತಮ್ಮ ಇಗ್ನಾಟಿಸ್‌ಗೆ ಒಂದೇ ಚಿಂತೆ: ನಲವತ್ತನೆಯ ದಿನದ ತಿಥಿ ತೋಟದೊಳಗಿನ ಪುಟ್ಟ ಚರ್ಚಿನಲ್ಲಿ, ನೆಂಟರೆಲ್ಲ ಈ ಕಾಡು ದಾಟಿ ಬರಬೇಕು. ಅಕ್ಕನ ಮಾನ ಉಳಿಸಲೆಂದು ಅವನು ಅವಳಿಗೆ ಹೇಳದೆ ಕಳೆನಾಶಕ ಹೊಡೆದ. ಪಾಪ, ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ.

ತಿಥಿಯ ದಿನ ಅವಳು ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಕುಂಟುತ್ತ ಬಂದಳು. ಹೂ ಬಿಡಬೇಕಿದ್ದ ಗಿಡಗಳು ಹಳದಿಯಾಗಿ ನೆಲಕ್ಕೆ ಬಿದ್ದಿದ್ದವು. ಈಗ ತೋಟ ತೋಟದ ಹಾಗಿದೆ ಎಂದು ನೆಂಟರು ಹೊಗಳಿದರು. ಅವಳು ಬಾಗಿ ಒಂದು ಗಿಡ ಕಿತ್ತು ಮೂಸಿ, ತಮ್ಮನತ್ತ ನೋಡಿದಳು. ಆ ನೋಟಕ್ಕೇ ನನಗೆ ಹೆದರಿಕೆಯಾಯಿತು.

ಪ್ರಾರ್ಥನೆ ಮುಗಿದ ಮೇಲೆ ಗೋಧಿ ಹಂಚತೊಡಗಿದಳು. ಅದನ್ನು ತಿಂದು, ಸತ್ತವರ ಹೆಸರು ಹೇಳಿ, ದೇವರು ಕ್ಷಮಿಸಲಿ ಎನ್ನಬೇಕು, ಬೇಡವೆನ್ನುವಂತಿಲ್ಲ. ಇಗ್ನಾಟಿಸ್ ನಗುತ್ತ ಕೈ ಚಾಚಿದ.

"ಇದು ಅಮ್ಮನ ಹೆಸರಿಂದಲ್ಲ ಕಣೋ, ನಿನ್ನ ಹೆಸರಿಂದು," ಎಂದಳು. "ನನ್ನ ಮಣ್ಣು ಕೊಂದೆ. ನನ್ನ ಪಾಲಿಗೆ ನೀನೂ ಸತ್ತೆ. ತಿಂದು, ಹೇಳೋದನ್ನ ಹೇಳು."

"ಅಕ್ಕಾ, ನಿನ್ ಮರ್ಯಾದೆಗೋಸ್ಕರ ತಾನೇ..."

"ತಿನ್ನು."

ನೆಂಟರೆಲ್ಲ ನೋಡುತ್ತಿದ್ದರು. ಅರವತ್ತರ ಆ ಗಂಡಸು ತನ್ನದೇ ತಿಥಿಯ ಗೋಧಿಯನ್ನು ಅಗಿದು ನುಂಗಿದ. ದೇವರು ಇಗ್ನಾಟಿಸ್‌ನನ್ನು ಕ್ಷಮಿಸಲಿ ಎಂದ. ಮಿರ್ಸಿನಿ ಚಮಚ ತುಂಬಿಕೊಂಡು ಮುಂದಿನವರ ಕೈಗೆ ಹಾಕಿದಳು.