ಜಗಲಿಗೆ ಬಾರದ ವೈರ್‌ಲೆಸ್

ನನಗೊಂದು ಕೆಟ್ಟ ಚಾಳಿಯಿದೆ. ಕಂಪ್ಯೂಟರ್ ಸರಿಯಾಗಿ ನಡೆಯುತ್ತಿದ್ದರೆ ಕೈ ಸುಮ್ಮನಿರುವುದಿಲ್ಲ. ಎರಡು ಸಾವಿರದ ಏಳರಲ್ಲಿ ಕೋಡಿಬಾಗದ ಗೆಳೆಯನೊಬ್ಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಸಿ.ಡಿ. ಕೊಟ್ಟ. ಯಾವ ಕಂಪನಿಯ ಅಪ್ಪಣೆಯೂ ಬೇಡ, ಎಲ್ಲರಿಗೂ ಬಾಗಿಲು ತೆರೆದದ್ದು ಅಂದ. ಅಂಕೋಲೆಯ ಕಾಲೇಜಿನಲ್ಲಿ ಸಮಾನತೆಯ ಭಾಷಣ ಬಿಗಿಯುವ ನನಗೆ ಇಷ್ಟು ಸಾಕಾಯಿತು. ಒಂದು ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಹಳೆಯದನ್ನೆಲ್ಲ ಅಳಿಸಿ ಅದನ್ನೇ ಹಾಕಿದೆ.

ಅಂದೇ ಸಂಜೆ ಐದಕ್ಕೆ ನರ್ಸಿಂಗ್ ಸೀಟಿನ ಆನ್‌ಲೈನ್ ಅರ್ಜಿಗೆ ಕೊನೆ. ಕಡಲತಡಿಯ ಕೇಣಿಯಿಂದ ನಮಗೆ ಮೀನು ತರುವ ಸೇವಂತಿ, ಮಗಳು ಲತಾಳನ್ನು ಸೈಬರ್ ಅಂಗಡಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಸರದಿ ಉದ್ದ, ನಮ್ಮನೆಗೇ ಬನ್ನಿ ಎಂದು ತಡೆದವನು ನಾನೇ.

ನಾಲ್ಕಕ್ಕೆ ತಾಯಿ-ಮಗಳು ಜಗಲಿಯ ತುದಿಯಲ್ಲಿ ಕೂತರು. ನಮ್ಮ ಮನೆಯಲ್ಲಿ ಮೀನು ಅಡುಗೆಮನೆ ತನಕ ಬರುತ್ತದೆ, ಮೀನು ತಂದವಳು ಜಗಲಿ ತನಕ. ಅದು ನನ್ನ ತಾಯಿ, ಆಯಿಯ ಕಟ್ಟಳೆ. ವೈರ್‌ಲೆಸ್ ಇದ್ದರೆ ಜಗಲಿಯಲ್ಲೇ ಕೆಲಸ ಆಗುತ್ತದೆ, ಆಯಿಗೂ ಸಿಟ್ಟಿಲ್ಲ, ನನಗೂ ಸಂಕಟವಿಲ್ಲ ಎಂದು ಲೆಕ್ಕ ಹಾಕಿದ್ದೆ.

ಲ್ಯಾಪ್‌ಟಾಪ್ ತೆರೆದರೆ ವೈರ್‌ಲೆಸ್ಸೇ ಇಲ್ಲ. ನನ್ನ ವೈರ್‌ಲೆಸ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಸಿ.ಡಿ.ಯಲ್ಲಿ ಸೇರಿಸಿಲ್ಲವಂತೆ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕಂತೆ. ಇಂಟರ್ನೆಟ್ ಬರಲೆಂದೇ ಅಲ್ಲವೇ ಮಾರಾಯರೇ ಡ್ರೈವರ್ ಬೇಕಾದದ್ದು? ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಒಳಗೇ ಇದೆ ತೆಗೆದುಕೋ ಅಂದ ಹಾಗಾಯಿತು. ಏನೇನೋ ಆಜ್ಞೆ ಕುಟ್ಟಿದೆ. ಬೆವರು ಬಂತು, ಸಿಗ್ನಲ್ ಬರಲಿಲ್ಲ. ನಾಲ್ಕೂವರೆ ಆಯಿತು. ಸೇವಂತಿ ಸೆರಗಿನ ತುದಿ ಸುತ್ತುತ್ತ ಗಡಿಯಾರವನ್ನೇ ನೋಡುತ್ತಿದ್ದಳು.

“ಸರ್, ವೈರ್ ಹಾಕಿದ್ರೆ ಆಗುದಿಲ್ವಾ?” ಅಂದಳು ಲತಾ.

ಆಗುತ್ತದೆ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಮೋಡೆಮ್ ಇದ್ದದ್ದು ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲ ಪಕ್ಕ. ಅದರ ವೈರು ಒಂದು ಮೊಳ. ನಾನೊಬ್ಬನೇ ಒಳಗೆ ಕೂತು, ಅಂಕ ಎಷ್ಟು, ಜಾತಿ ಯಾವುದು ಎಂದು ಹೊಸ್ತಿಲಾಚೆಗೆ ಕೂಗಿ ಕೇಳುವುದೇ? ಥೂ, ನನ್ನ ಭಾಷಣಕ್ಕಿಷ್ಟು! ಹುಡುಗಿಯ ಸೀಟು ಹೋಗುತ್ತಿದೆ, ನಾನು ಆಯಿಯ ಮುಖ ನೆನೆದು ಕೂತಿದ್ದೇನೆ.

“ಒಳಗೆ ಬನ್ನಿ,” ಅಂದೆ. ಸೇವಂತಿ ಏಳಲಿಲ್ಲ. ಹನ್ನೆರಡು ವರ್ಷ ದಾಟದ ಹೊಸ್ತಿಲು ಅದು. ಅಷ್ಟರಲ್ಲಿ ಆಯಿಯೇ ಬಾಗಿಲಿಗೆ ಬಂದು ನಿಂತಳು. ನಮ್ಮನ್ನು ನೋಡಿದಳು, ಗಡಿಯಾರ ನೋಡಿದಳು.

“ಎಂತ ನೋಡ್ತೀಯೋ? ಹೊತ್ತಾಯ್ತು. ಆ ಹುಡುಗಿಗೆ ಕುರ್ಚಿ ಹಾಕು.”

ತಾಯಿ-ಮಗಳು ಹೊಸ್ತಿಲು ದಾಟಿ ನಡುಮನೆಗೆ ಬಂದರು. ಐದಕ್ಕೆ ನಾಲ್ಕು ನಿಮಿಷವಿರುವಾಗ ಅರ್ಜಿ ಹೋಯಿತು. ಆಯಿ ಮೂರು ಲೋಟ ಚಹಾ ತಂದಿಟ್ಟಳು.

ಕೆಲವು ತಿಂಗಳ ಮೇಲೆ ಬಂದ ಹೊಸ ಸಿ.ಡಿ.ಯಲ್ಲಿ ಆ ಡ್ರೈವರನ್ನು ಮೊದಲೇ ಸೇರಿಸಿದ್ದರು. ಹಾಕಿದ ಕೂಡಲೇ ಜಗಲಿಯಲ್ಲೂ ನೆಟ್ ಬಂತು. ಸೀಟು ಸಿಕ್ಕಿದ ಲತಾ ರಜೆಗೆ ಬಂದಾಗ, ಇನ್ನು ಇಲ್ಲೇ ಕೂತು ನೋಡಬಹುದು ಎಂದು ಹೆಮ್ಮೆಯಿಂದ ತೋರಿಸಹೊರಟೆ. ತಿರುಗಿ ನೋಡಿದರೆ ಜಗಲಿಯಲ್ಲಿ ಅವಳ ಚಪ್ಪಲಿ ಮಾತ್ರ ಇತ್ತು. ಅವಳಾಗಲೇ ಒಳಗೆ ಆಯಿಯ ಪಕ್ಕದಲ್ಲಿ ಕೂತಿದ್ದಳು.